ಕೊಸರು: ಅಳತೆ ಮುಗಿದ ಮೇಲೆ ಬೀಳುವ ಹಿಡಿಯ ಲೆಕ್ಕ

2024ರ ಮೇ ತಿಂಗಳಲ್ಲಿ ಮುಂಬಯಿಯ ತಾಯಿಯೊಬ್ಬರು ಫೋನಿನ ಆ್ಯಪ್ ಮೂಲಕ ತರಕಾರಿ ತರಿಸಿದಾಗ ಕೊತ್ತಂಬರಿ ಸೊಪ್ಪಿಗೂ ದುಡ್ಡು ಹಿಡಿದಿರುವುದನ್ನು ಕಂಡು ಹೌಹಾರಿದರು. ಇಷ್ಟು ತರಕಾರಿ ಕೊಂಡವರಿಗೆ ಕೊತ್ತಂಬರಿಯನ್ನು ಸುಮ್ಮನೆ ಕೊಡಬಾರದೇ ಎಂಬ ಅವರ ಪ್ರಶ್ನೆಯನ್ನು ಮಗ ಸಾಮಾಜಿಕ ಜಾಲತಾಣದಲ್ಲಿ ಬರೆದ. ಅದನ್ನು ಓದಿದ, ಆ ಆ್ಯಪ್ ನಡೆಸುವ ಬ್ಲಿಂಕಿಟ್ ಕಂಪನಿಯ ಮುಖ್ಯಸ್ಥ ಅಲ್ಬಿಂದರ್ ಧಿಂಡ್ಸಾ, ಇಂತಿಷ್ಟು ತರಕಾರಿ ಕೊಂಡರೆ ಕೊತ್ತಂಬರಿ ಉಚಿತ ಎಂಬ ಏರ್ಪಾಟನ್ನು ಆ್ಯಪ್‌ನೊಳಗೆ ತಂದಿರುವುದಾಗಿ ಪ್ರಕಟಿಸಿದರು. ಒಂದು ಕಟ್ಟು ಸೊಪ್ಪಿನ ವಿಷಯ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಸುದ್ದಿಯಲ್ಲಿ ಅದನ್ನು ‘ಫ್ರೀ ಕೊತ್ತಂಬರಿ’ ಎಂದೇ ಕರೆದರು. ಆದರೆ ಆ ತಾಯಿ ಕೇಳಿದ್ದಕ್ಕೆ ಕನ್ನಡದಲ್ಲಿ ಬಹಳ ಹಿಂದಿನಿಂದ ಒಂದು ಹೆಸರಿದೆ: ಕೊಸರು. ಹಳೆ ಮೈಸೂರಿನ ಕಡೆಯ ಹಿರಿಯರ ಬಾಯಲ್ಲಿ ಈ ಮಾತು ಇಂದಿಗೂ ಸಲೀಸಾಗಿ ಬರುತ್ತದೆ. ಪೊಟ್ಟಣದ ತರಕಾರಿ ಕೊಂಡು ಬೆಳೆದ ನಗರದ ಮಕ್ಕಳಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗುತ್ತದೆ. ಕೊಸರು ಎಂದರೇನು, ಕಡಿಮೆ ಲಾಭದಲ್ಲಿ ಬದುಕುವ ಬೀದಿ ವ್ಯಾಪಾರಿ ಅದನ್ನು ಯಾಕೆ ಕೊಡುತ್ತಾರೆ, ರಿಯಾಯಿತಿಗೂ ಅದಕ್ಕೂ ಏನು ವ್ಯತ್ಯಾಸ, ತೂಕದ ಯಂತ್ರವೂ ಆ್ಯಪ್ ಕೂಡ ಬಂದ ಮೇಲೆ ಅದಕ್ಕೆ ಏನಾಯಿತು ಎಂಬುದನ್ನು ಬುಡದಿಂದ ನೋಡೋಣ.

ಒಂದು ಮೊಳ ಹೂವಿನ ವ್ಯಾಪಾರ

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲೋ ಬೆಂಗಳೂರಿನ ಗಾಂಧಿ ಬಜಾರಿನಲ್ಲೋ ಸಂಜೆ ಹೊತ್ತು ನಿಂತು ನೋಡಿದರೆ ಕೊಸರಿನ ಅರ್ಥ ಯಾವ ನಿಘಂಟಿನ ಸಹಾಯವೂ ಇಲ್ಲದೆ ತಿಳಿಯುತ್ತದೆ. ಹೂವಮ್ಮ ಕಟ್ಟಿದ ಮಲ್ಲಿಗೆಯ ಸುರುಳಿಯಿಂದ ಒಂದು ತುದಿಯನ್ನು ಎಳೆದು ಬೆರಳ ತುದಿಯಲ್ಲಿ ಹಿಡಿಯುತ್ತಾರೆ, ಮಾಲೆಯನ್ನು ಮುಂಗೈ ಉದ್ದಕ್ಕೂ ಹಾಸಿ ಮೊಳಕೈಗೆ ಮುಟ್ಟಿಸುತ್ತಾರೆ. ಅಲ್ಲಿಗೆ ಒಂದು ಮೊಳವಾಯಿತು. ಕತ್ತರಿಸುವ ಮುನ್ನ ಅವರ ಕೈ ಒಂದು ಕ್ಷಣ ನಿಲ್ಲುತ್ತದೆ. ಕೊಳ್ಳುವವರು ಆ ಕ್ಷಣಕ್ಕೇ ಕಾದವರಂತೆ ‘ಸ್ವಲ್ಪ ಕೊಸರು ಬಿಡಮ್ಮಾ’ ಎನ್ನುತ್ತಾರೆ. ‘ಬಿಟ್ಟೇ ಅಳೆದಿದೀನಿ ಅಕ್ಕಾ, ನೋಡಿ ಬೇಕಾದ್ರೆ’ ಎನ್ನುತ್ತಲೇ ಹೂವಮ್ಮ ಬೆರಳನ್ನು ನಾಲ್ಕು ಹೂವಿನಷ್ಟು ಆಚೆಗೆ ಸರಿಸಿ ದಾರವನ್ನು ಕತ್ತರಿಸುತ್ತಾರೆ. ಆ ನಾಲ್ಕು ಹೂವೇ ಕೊಸರು.

ಈ ಚಿಕ್ಕ ದೃಶ್ಯದಲ್ಲಿ ಮೂರು ಸಂಗತಿಗಳು ಅಡಗಿವೆ. ಬೆಲೆ ಆಗಲೇ ತೀರ್ಮಾನವಾಗಿದೆ. ಕೊಸರಿನಿಂದ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಳತೆಯೂ ಮುಗಿದಿದೆ, ಕೊಸರು ಆ ಅಳತೆಯ ಆಚೆಗಿನದು. ಎಷ್ಟು ಕೊಡಬೇಕೆಂಬುದನ್ನು ಕೊಡುವವರ ಕೈ ನಿರ್ಧರಿಸುತ್ತದೆ. ಎರಡು ಹೂವಾದರೂ ಕೊಸರೇ, ಆರು ಹೂವಾದರೂ ಕೊಸರೇ, ಅದಕ್ಕೆ ಲೆಕ್ಕವಿಲ್ಲ. ಬೆಲೆ ಕಟ್ಟಿ, ಅಳತೆ ಮುಗಿಸಿದ ಮೇಲೆ ಮಾರುವವರು ತಮ್ಮ ಕೈಯಾರೆ ಸೇರಿಸುವ, ಲೆಕ್ಕಕ್ಕೆ ಹಿಡಿಯದ ಅಲ್ಪ ಹೆಚ್ಚಳ ಎಂದು ಕೊಸರನ್ನು ವಿವರಿಸಬಹುದು.

ಅಳತೆಯ ಬಗೆ ಬದಲಾದರೆ ಕೊಸರಿನ ಅವಕಾಶವೂ ಬದಲಾಗುತ್ತದೆ ಎಂಬುದಕ್ಕೆ ಹೂವಿನ ಲೋಕದಲ್ಲೇ ಒಂದು ಉದಾಹರಣೆಯಿದೆ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಮೊಳದ ಲೆಕ್ಕದಲ್ಲಿ ಬಿಕರಿಯಾಗುವುದಿಲ್ಲ. ಅಲ್ಲಿ ಚೆಂಡು ಮತ್ತು ಅಟ್ಟೆಯ ಲೆಕ್ಕ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವನ್ನು ಎಣಿಸಿ ಕಟ್ಟಿ ಮೊದಲೇ ಸಿದ್ಧಪಡಿಸಿದ ಚೆಂಡನ್ನು ಕೊಳ್ಳುವಾಗ ಬೆರಳು ಸರಿಸುವ ಆ ಕ್ಷಣವೇ ಇರುವುದಿಲ್ಲ. ಕೊಸರು ಹುಟ್ಟುವುದು ಕೊಳ್ಳುವವರ ಕಣ್ಣೆದುರಿಗೆ ಅಳೆದು, ಸುರಿದು, ಕತ್ತರಿಸಿ ಕೊಡುವ ವ್ಯಾಪಾರದಲ್ಲಿ.

ಮಾತಿನ ಬಂಧುಬಳಗ

ಕನ್ನಡದಲ್ಲಿ ‘ಕೊಸರು’ ಕ್ರಿಯಾಪದವೂ ಹೌದು. ಹಿಡಿತದಿಂದ ಬಿಡಿಸಿಕೊಳ್ಳಲು ಒದ್ದಾಡುವುದು ಎಂಬ ಅರ್ಥದಲ್ಲಿ ‘ಕೈ ಕೊಸರಿಕೊಂಡು ಓಡಿದ’ ಎನ್ನುತ್ತೇವೆ. ಈ ಲೇಖನಕ್ಕೆ ಬೇಕಾದದ್ದು ನಾಮಪದ. ಅದು ‘ಹಾಕು’, ‘ಕೊಡು’, ‘ಬಿಡು’ ಎಂಬ ಕ್ರಿಯಾಪದಗಳ ಜೊತೆ ಓಡಾಡುತ್ತದೆ: ತರಕಾರಿಗೆ ಕೊಸರು ಹಾಕುತ್ತಾರೆ, ಹೂವಿಗೆ ಕೊಸರು ಬಿಡುತ್ತಾರೆ. ಹಸು ಕಟ್ಟಿದ ಮನೆಯಿಂದ ಚೊಂಬು ಹಿಡಿದು ಹಾಲು ತಂದವರಿಗೆ ‘ಕೊಸರು ಹಾಲು’ ಗೊತ್ತಿರುತ್ತದೆ. ಅಳತೆಯ ಪಾತ್ರೆಯಿಂದ ಅರ್ಧ ಲೀಟರು ಹೊಯ್ದ ಮೇಲೆ, ಅದೇ ಪಾತ್ರೆಯನ್ನು ಮತ್ತೊಮ್ಮೆ ಅದ್ದಿ ಚೊಂಬಿಗೆ ಚಿಮ್ಮಿಸುವ ಒಂದು ಗುಟುಕು ಅದು. ಅಳತೆ ಮಾಡುವಾಗ ನೊರೆ ಎಷ್ಟು, ಹಾಲೆಷ್ಟು ಎಂಬ ಅನುಮಾನ ಯಾವಾಗಲೂ ಇದ್ದೇ ಇರುವುದರಿಂದ ಆ ಒಂದು ಚಿಮ್ಮಿಗೆ ಬಹಳ ಬೆಲೆಯಿತ್ತು.

ಮಾತು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ತೆಲುಗಿನಲ್ಲೂ ಅದು ‘ಕೊಸರು’ ಎಂದೇ ಇದೆ. ಅಲ್ಲಿ ‘ಅಸಲು’ ಮತ್ತು ‘ಕೊಸರು’ ಜೋಡಿಪದಗಳು. ಕೊಂಡದ್ದು ಅಸಲು, ಮೇಲೆ ಬಿದ್ದದ್ದು ಕೊಸರು. ಪ್ರೀತಿಯಿಂದ ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಬಡಿಸುವುದಕ್ಕೆ ತೆಲುಗರು ‘ಕೊಸರಿ ಕೊಸರಿ ವಡ್ಡಿಂಚು’ ಎನ್ನುತ್ತಾರೆ. ತಮಿಳಿನ ಆಡುಮಾತಿನಲ್ಲಿ ಅದು ‘ಕೊಸುರು’. ಉತ್ತರ ಕರ್ನಾಟಕದ ಸಂತೆಯಲ್ಲಿ ‘ಮ್ಯಾಲೊಂದೀಟು ಹಾಕ್ರಿ’ ಎಂದರೆ ಕೆಲಸವಾಗುತ್ತದೆ. ಹೆಸರಿಡದೆಯೂ ಕೇಳಿ ಪಡೆಯಬಹುದಾದ ವಸ್ತು ಇದು.

ಬರವಣಿಗೆಯಲ್ಲೂ ಈ ಮಾತಿಗೆ ಒಂದು ಎರಡನೇ ಬಾಳು ಸಿಕ್ಕಿದೆ. ಹೇಳಬೇಕಾದದ್ದೆಲ್ಲ ಮುಗಿದ ಮೇಲೆ ಬಾಲಂಗೋಚಿಯಂತೆ ಒಂದು ನಗೆಯ ಸಾಲನ್ನೋ ಚಿಕ್ಕ ಸಂಗತಿಯನ್ನೋ ಅಂಟಿಸಿ ಅದಕ್ಕೆ ‘ಕೊನೆ ಕೊಸರು’ ಎಂದು ತಲೆಬರಹ ಕೊಡುವ ಕನ್ನಡದ ಲೇಖಕರಿದ್ದಾರೆ. ಓದುಗರು ಲೇಖನಕ್ಕೆಂದು ಬಂದವರು, ಈ ಸಾಲು ಮೇಲಿನ ಹಿಡಿ ಎಂಬ ಸೂಚನೆ ಆ ಎರಡು ಪದಗಳಲ್ಲೇ ಇದೆ.

ಯಾವುದು ಕೊಸರು, ಯಾವುದಲ್ಲ

ಮಾರುಕಟ್ಟೆಯಲ್ಲಿ ಪುಕ್ಕಟೆಯಾಗಿ ಸಿಗುವುದೆಲ್ಲ ಕೊಸರಾಗುವುದಿಲ್ಲ. ಚೌಕಾಸಿ ಮಾಡಿ ಅರವತ್ತು ರೂಪಾಯಿಯನ್ನು ಐವತ್ತೈದಕ್ಕೆ ಇಳಿಸಿದರೆ ಅದು ಬೆಲೆ ಕಡಿತ. ಅಲ್ಲಿ ವ್ಯಾಪಾರ ಇನ್ನೂ ಮುಗಿದಿಲ್ಲ, ಮುಗಿಯುವ ದಾರಿಯಲ್ಲಿದೆ. ‘ಒಂದು ಕೊಂಡರೆ ಒಂದು ಉಚಿತ’ ಎಂಬುದು ಬೆಲೆಯ ಒಳಗೇ ಸೇರಿಕೊಂಡ ಕೊಡುಗೆ. ಎರಡನೆಯ ಸೋಪು ಸಿಗದಿದ್ದರೆ ಗ್ರಾಹಕರು ಜಗಳ ಮಾಡುವ ಹಕ್ಕುಳ್ಳವರು. ಕೊಸರು ಸಿಗದಿದ್ದರೆ ಮುನಿಸಿಕೊಳ್ಳಬಹುದು, ನಾಳೆಯಿಂದ ಪಕ್ಕದ ಅಂಗಡಿಗೆ ಹೋಗಬಹುದು, ಆದರೆ ದೂರು ಕೊಡಲು ಬರುವುದಿಲ್ಲ. ಕೊಳ್ಳುವ ಮೊದಲು ಬಾಯಿಗೆ ಹಾಕಿಕೊಂಡು ನೋಡುವ ಎರಡು ದ್ರಾಕ್ಷಿ ರುಚಿ ನೋಡಲು ಕೊಟ್ಟದ್ದು. ಅದು ವ್ಯಾಪಾರಕ್ಕೆ ಮುಂಚಿನದು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಚಿಲ್ಲರೆಯ ಬದಲಿಗೆ ಕೊಡುವ ಚಾಕೊಲೇಟು. ಎರಡು ರೂಪಾಯಿ ಹಿಂದಿರುಗಿಸಬೇಕಾದವರು ಚಿಲ್ಲರೆ ಇಲ್ಲವೆಂದು ಎರಡು ಚಾಕೊಲೇಟು ಕೊಟ್ಟರೆ ಅದು ನೋಡುವುದಕ್ಕೆ ಕೊಸರಿನಂತೆಯೇ ಇರುತ್ತದೆ, ವಾಸ್ತವದಲ್ಲಿ ಅದರ ತಲೆಕೆಳಗು. ಅಲ್ಲಿ ಗ್ರಾಹಕರು ತಾವು ಕೇಳದ ಸರಕನ್ನು ಪೂರ್ತಿ ಬೆಲೆಗೆ ಕೊಂಡಂತಾಗುತ್ತದೆ.

ಪಾನಿಪೂರಿಯ ಗಾಡಿಯಲ್ಲಿ ತಟ್ಟೆ ಖಾಲಿಯಾದ ಮೇಲೆ ಕೇಳಿ ಪಡೆಯುವ ‘ಸುಖಾ ಪೂರಿ’ ಮಾತ್ರ ಎಲ್ಲ ಲಕ್ಷಣಗಳನ್ನೂ ಹೊಂದಿದ ಅಪ್ಪಟ ಕೊಸರು. ಆರು ಪೂರಿಗೆ ದುಡ್ಡು, ಏಳನೆಯದಕ್ಕೆ ನಗು. ಕೊಸರು ಎಂಬ ಮಾತನ್ನು ಎಂದೂ ಕೇಳದ ಹುಡುಗರೂ ಅದನ್ನು ಬಿಡದೆ ಕೇಳಿ ಪಡೆಯುತ್ತಾರೆ. ಬಂಗಾಳದಲ್ಲಿ ಪುಚ್ಕಾ, ಅಂದರೆ ಅಲ್ಲಿನ ಪಾನಿಪೂರಿ, ತಿಂದ ಮೇಲೆ ಹೀಗೇ ಸಿಗುವುದಕ್ಕೆ ‘ಫಾವು’ ಎನ್ನುತ್ತಾರೆ. ಪಂಜಾಬಿಯಲ್ಲಿ ಕೊಸರಿಗೆ ‘ಝೂಂಗಾ’ ಎಂಬ ಮಾತಿದೆ, ಪೂರ್ವ ಉತ್ತರ ಪ್ರದೇಶದ ಕಡೆ ‘ಘಲುವಾ’.

ಕೊಟ್ಟವರಿಗೆ ಹೇಗೆ ಗಿಟ್ಟುತ್ತದೆ

ದಿನಕ್ಕೆ ಕೆಲವು ನೂರು ರೂಪಾಯಿ ಉಳಿಸಲು ಹೆಣಗುವ ವ್ಯಾಪಾರಿ ಸುಮ್ಮನೆ ಕೊಡುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಒಂದು ಸಣ್ಣ ಲೆಕ್ಕದಿಂದ ಉತ್ತರ ಸಿಗುತ್ತದೆ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ತರಕಾರಿಯವರು ಹುರುಳಿಕಾಯಿಯನ್ನು ಕಿಲೋಗೆ 40 ರೂಪಾಯಿಯಂತೆ ತಂದು 60 ರೂಪಾಯಿಗೆ ಮಾರುತ್ತಿದ್ದಾರೆ ಎಂದುಕೊಳ್ಳೋಣ. ಗ್ರಾಹಕರು 5 ರೂಪಾಯಿ ಬಿಡಿ ಎನ್ನುತ್ತಾರೆ. ಬಿಟ್ಟರೆ ವ್ಯಾಪಾರಿಯ 20 ರೂಪಾಯಿ ಲಾಭದಲ್ಲಿ 5 ರೂಪಾಯಿ ಪೂರ್ತಿ ಹೋಯಿತು. ಅದರ ಬದಲು 5 ರೂಪಾಯಿ ಬೆಲೆಯ ಹುರುಳಿಕಾಯಿಯನ್ನೇ, ಅಂದರೆ ಸುಮಾರು 83 ಗ್ರಾಂ, ಕೊಸರು ಹಾಕಿದರೆ ಅವರ ಕೈಬಿಟ್ಟು ಹೋಗುವುದು ಆ 83 ಗ್ರಾಮಿನ ಅಸಲು ಬೆಲೆ ಮಾತ್ರ: 3 ರೂಪಾಯಿ 33 ಪೈಸೆ. ಕೊಂಡವರಿಗೋ 60 ರೂಪಾಯಿಗೆ 1,083 ಗ್ರಾಂ ಸಿಕ್ಕಿತು, ಅಂದರೆ ಕಿಲೋಗೆ ಸುಮಾರು 55 ರೂಪಾಯಿ 40 ಪೈಸೆ ಬಿದ್ದಂತಾಯಿತು. ಅವರು ಕೇಳಿದ ಬೆಲೆಗೆ ಅದು ಬಹಳ ಹತ್ತಿರ. ಬೆಲೆ ಇಳಿಸಿದ್ದರೆ ಆಗುತ್ತಿದ್ದ ನಷ್ಟದ ಮೂರನೇ ಎರಡು ಪಾಲಿಗೇ ವ್ಯಾಪಾರಿ ಗ್ರಾಹಕರನ್ನು ಹೆಚ್ಚುಕಡಿಮೆ ಅಷ್ಟೇ ತೃಪ್ತಿಪಡಿಸಿದರು.

ಇದರ ಜೊತೆಗೆ ಇನ್ನೊಂದು ಉಳಿತಾಯವಿದೆ. ಪಕ್ಕದಲ್ಲಿ ನಿಂತವರ ಕಿವಿಗೆ ಬಿದ್ದದ್ದು ‘ಕಿಲೋ ಅರವತ್ತು’ ಎಂಬ ಬೆಲೆ. ಒಬ್ಬರಿಗೆ ಐವತ್ತೈದಕ್ಕೆ ಕೊಟ್ಟರೆ ಸಾಲಿನಲ್ಲಿರುವ ಎಲ್ಲರೂ ಐವತ್ತೈದಕ್ಕೇ ಕೇಳುತ್ತಾರೆ. ಒಂದು ಹಿಡಿ ಹೆಚ್ಚು ಹಾಕಿದ್ದು ಎಲ್ಲರ ಕಣ್ಣಿಗೂ ಬೀಳುವುದಿಲ್ಲ, ಬಿದ್ದರೂ ಅದನ್ನು ಗ್ರಾಂ ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ.

ಕೊತ್ತಂಬರಿ, ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ ಕೊಸರಿನ ಮಾಮೂಲು ಸರಕಾಗಿದ್ದಕ್ಕೂ ಕಾರಣವಿದೆ. ಎಲ್ಲ ಅಡುಗೆಗೂ ಇವು ಬೇಕು, ಆದರೆ ಒಂದು ಹೊತ್ತಿಗೆ ಬೇಕಾಗುವುದು ಚಿಟಿಕೆಯಷ್ಟು. ಸೊಪ್ಪು ಬಿಸಿಲಿಗೆ ಬೇಗ ಬಾಡುತ್ತದೆ, ಸಂಜೆಗೆ ಉಳಿದರೆ ಮರುದಿನ ಅದನ್ನು ಯಾರೂ ಕೊಳ್ಳುವುದಿಲ್ಲ. ಬೆಳಗ್ಗೆ ಐದು ರೂಪಾಯಿ ಬೆಲೆಬಾಳುವ ಕರಿಬೇವಿನ ಎಸಳು ಕತ್ತಲಾಗುವ ಹೊತ್ತಿಗೆ ವ್ಯಾಪಾರಿಯ ಪಾಲಿಗೆ ಹೆಚ್ಚುಕಡಿಮೆ ಸೊನ್ನೆ. ಕೊಳ್ಳುವವರ ಅಡುಗೆಮನೆಯಲ್ಲಿ ಅದಕ್ಕೆ ಬೆಳಗ್ಗೆಯಷ್ಟೇ ಬೆಲೆ. ಕೊತ್ತಂಬರಿಯ ದರ ಗಗನಕ್ಕೇರಿದ ವಾರದಲ್ಲಿ ಕೊಸರು ಸದ್ದಿಲ್ಲದೆ ಕರಿಬೇವಿಗೆ ಬದಲಾಗುವುದನ್ನು ಗಮನಿಸಿದರೆ, ಇದರ ಹಿಂದೆ ಎಂಥ ಎಚ್ಚರದ ಲೆಕ್ಕವಿದೆ ಎಂಬುದು ಗೊತ್ತಾಗುತ್ತದೆ.

ಕೊನೆಯದಾಗಿ ‘ವರ್ತನೆ’. ಹಾಲಿನವರು, ಹೂವಿನವರು ಒಂದು ಮನೆಗೆ ದಿನವೂ ತಪ್ಪದೆ ಕೊಡುವ ಏರ್ಪಾಟಿಗೆ ನಮ್ಮ ಕಡೆ ವರ್ತನೆ ಎಂದು ಹೆಸರು. ಹಾಗೆ ಕೊಡುವವರು ವರ್ತನೆಯವರು. ವರ್ತನೆಯ ಮನೆ ಎಂದರೆ ನಾಳೆಯ ವ್ಯಾಪಾರ ಇಂದೇ ಖಾತ್ರಿಯಾದಂತೆ. ಆ ಮನೆಗೆ ಬೀಳುವ ಕೊಸರನ್ನು ಇವತ್ತಿನ ಲಾಭದಲ್ಲಿ ಕಳೆಯಬಾರದು, ಇಡೀ ತಿಂಗಳ ಲಾಭದಲ್ಲಿ ಕಳೆದು ನೋಡಬೇಕು. ದಾರಿಹೋಕರಿಗೆ ಕೇಳಿದರೆ ಮಾತ್ರ ಸಿಗುವ ಕೊಸರು ವರ್ತನೆಯ ಮನೆಯವರಿಗೆ ಕೇಳದೆಯೇ ಬೀಳುತ್ತದೆ. ಹಾಗೆಂದು ಇದನ್ನು ಬರೀ ಲೆಕ್ಕಾಚಾರ ಎಂದು ತೀರ್ಮಾನಿಸಿಬಿಟ್ಟರೆ, ಜೊತೆಯಲ್ಲಿ ಬಂದ ಮಗುವಿನ ಕೈಗೆ ಹಣ್ಣಿನವರು ಒಂದು ಬಾಳೆಹಣ್ಣು ಇಡುವುದಕ್ಕೆ ವಿವರಣೆ ಸಿಗುವುದಿಲ್ಲ. ಆ ಮಗು ನಾಳೆ ವ್ಯಾಪಾರಕ್ಕೆ ಬರುವುದಿಲ್ಲವಲ್ಲ.

ಕೇಳುವುದಕ್ಕೂ ಹೊತ್ತುಗೊತ್ತಿದೆ. ಬೆಳಗಿನ ಬೋಣಿಯ ಹೊತ್ತಿನಲ್ಲಿ, ಅಂದರೆ ದಿನದ ಮೊದಲ ವ್ಯಾಪಾರದಲ್ಲಿ, ಗ್ರಾಹಕರು ಬರಿಗೈಯಲ್ಲಿ ಹಿಂದಿರುಗುವುದು ಅಪಶಕುನವೆಂದು ವ್ಯಾಪಾರಿಗಳು ನಂಬುವುದರಿಂದ ಬೆಲೆಯಲ್ಲೇ ಸ್ವಲ್ಪ ಬಿಡುವುದುಂಟು. ಕೊಸರನ್ನು ಧಾರಾಳವಾಗಿ ಹಾಕುವ ಹೊತ್ತು ದೀಪ ಹಚ್ಚಿದ ಮೇಲಿನದು.

ಹನ್ನೆರಡು ಸೇರಿಗೆ ಹದಿಮೂರು

ಕೊಸರಿನ ಬೇರು ಅಳತೆಯ ಬಗೆಗಿನ ಅನುಮಾನದಲ್ಲೂ ಇದೆ. ಕಿಲೋ, ಲೀಟರು ಬರುವ ಮೊದಲು ನಮ್ಮಲ್ಲಿ ಸೇರು, ಪಾವು, ಚಟಾಕುಗಳಿದ್ದವು. ನಾಲ್ಕು ಪಾವಿಗೆ ಒಂದು ಸೇರು. ಕಾಳುಕಡ್ಡಿಯನ್ನು ತೂಗದೆ ಪಾತ್ರೆಯಲ್ಲಿ ಅಳೆಯುವಾಗ ಬಾಯಿಮಟ್ಟಕ್ಕೆ ಕೈಯಿಂದ ಸವರಿ ಅಳೆಯಬೇಕೇ, ಗೋಪುರದಂತೆ ಏರಿಸಿ ಅಳೆಯಬೇಕೇ ಎಂಬುದು ಜಗಳದ ವಿಷಯವೇ ಆಗಿತ್ತು. ಆ ಗೋಪುರ ಸಣ್ಣದೇನಲ್ಲ. 12 ಸೆಂಟಿಮೀಟರ್ ಎತ್ತರದ ದುಂಡನೆಯ ಸೇರಿನ ಮೇಲೆ ರಾಗಿಯ ರಾಶಿ 3 ಸೆಂಟಿಮೀಟರ್ ಏರಿ ನಿಂತಿದೆ ಎಂದುಕೊಳ್ಳಿ. ಶಂಕುವಿನ ಗಾತ್ರ ಅದೇ ತಳ, ಅದೇ ಎತ್ತರದ ಸ್ತಂಭದ ಮೂರನೇ ಒಂದು ಪಾಲು ಎಂದು ಶಾಲೆಯಲ್ಲಿ ಓದಿದ್ದೇವೆ. ಆ ಲೆಕ್ಕದಂತೆ ಮೇಲಿನ ರಾಶಿ 1 ಸೆಂಟಿಮೀಟರ್ ಎತ್ತರದ ಪದರಕ್ಕೆ ಸಮ, ಅಂದರೆ ಸೇರಿನ ಹನ್ನೆರಡನೇ ಒಂದು ಪಾಲು. ಹೀಗೆ ಏರಿಸಿ ಹನ್ನೆರಡು ಸೇರು ಅಳೆದುಕೊಂಡವರ ಚೀಲದಲ್ಲಿ ಹದಿಮೂರು ಸೇರು ರಾಗಿ ಇರುತ್ತದೆ.

ಹನ್ನೆರಡಕ್ಕೆ ಹದಿಮೂರು ಎಂಬ ಇದೇ ಪ್ರಮಾಣ ಇಂಗ್ಲೆಂಡಿನ ರೊಟ್ಟಿ ವ್ಯಾಪಾರದಲ್ಲಿ ಗಾದೆಯಂತೆ ನಿಂತಿದೆ. ಅಲ್ಲಿ ‘ಬೇಕರಿಯವರ ಡಜನ್’ ಎಂದರೆ ಹದಿಮೂರು. ಮೂರನೇ ಹೆನ್ರಿಯ ಕಾಲದಲ್ಲಿ, 1266ರ ಸುಮಾರಿಗೆ, ರೊಟ್ಟಿಯ ತೂಕವನ್ನು ಗೋಧಿಯ ದರಕ್ಕೆ ತಕ್ಕಂತೆ ಕಟ್ಟುನಿಟ್ಟು ಮಾಡಿ ಕಾನೂನು ಬಂತು. ತೂಕದಲ್ಲಿ ಕಡಿಮೆಯಾದರೆ ದಂಡ, ತಪ್ಪು ಮರುಕಳಿಸಿದರೆ ಊರ ನಡುವೆ ಮರದ ಚೌಕಟ್ಟಿಗೆ ಸಿಕ್ಕಿಸಿ ನಿಲ್ಲಿಸುವ ಶಿಕ್ಷೆ. ಒಲೆಯಲ್ಲಿ ಬೇಯುವಾಗ ಪ್ರತಿಯೊಂದು ರೊಟ್ಟಿಯೂ ಎಷ್ಟು ನೀರು ಕಳೆದುಕೊಳ್ಳುತ್ತದೆಂದು ಮೊದಲೇ ಹೇಳಲು ಯಾರಿಗೂ ಸಾಧ್ಯವಿಲ್ಲದ ಕಾರಣ, ಡಜನ್ನಿಗೆ ಒಂದನ್ನು ಹೆಚ್ಚು ಕೊಟ್ಟು ನೆಮ್ಮದಿಯಾಗಿರುವುದು ರೂಢಿಯಾಯಿತು ಎಂಬುದು ಪ್ರಚಲಿತ ವಿವರಣೆ.

ನಮ್ಮಲ್ಲಿ ಹಾಗೆ ಹೆದರಿಸುವ ಕಾನೂನಿಗಿಂತ ನಾಲ್ಕು ಜನರ ಮಾತೇ ಹೆಚ್ಚು ಹೆದರಿಸುತ್ತಿತ್ತು. ‘ಅವನ ಕೈ ಸಣ್ಣದು’ ಎಂಬ ಹೆಸರು ಒಮ್ಮೆ ಬಂದರೆ ಆ ಸಂತೆಯಲ್ಲಿ ಅಂಗಡಿ ಹಾಕುವುದು ಕಷ್ಟ. ಕಣದಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿ ಹಲವೆಡೆ ಇತ್ತು. ಅಳೆಯುವವರಿಗೂ ಅಳೆಸಿಕೊಳ್ಳುವವರಿಗೂ ಅದು ಒಟ್ಟಿಗೇ ಶುಭ ಕೋರುವ ಮಾತು. ತಕ್ಕಡಿ ಹಿಡಿದು ತೂಗುವವರೂ ಹಾಗೆಯೇ: ಮುಳ್ಳು ನಡುವಿಗೆ ಬಂದ ಕೂಡಲೇ ನಿಲ್ಲಿಸದೆ, ಸರಕಿನ ತಟ್ಟೆ ತುಸು ಕೆಳಗೆ ಬಾಗುವವರೆಗೆ ಹಾಕಿದರೆ ಮಾತ್ರ ಗ್ರಾಹಕರು ಒಪ್ಪುತ್ತಿದ್ದರು. ಹಗ್ಗ, ಸರಪಳಿ, ಸವೆದ ತೂಕದ ಬಟ್ಟುಗಳ ಮೇಲೆ ಯಾರಿಗೂ ಪೂರ್ತಿ ನಂಬಿಕೆ ಇರಲಿಲ್ಲ. ಬಾಗಿದ ತಟ್ಟೆ ಆ ಅಪನಂಬಿಕೆಯ ಪರಿಹಾರ. 1956ರ ಕಾಯ್ದೆಯಿಂದ ದೇಶಕ್ಕೆಲ್ಲ ಒಂದೇ ದಶಮಾನ ಪದ್ಧತಿ ಬಂದು, 1958ರಿಂದ ಹಂತ ಹಂತವಾಗಿ ಕಿಲೋ ಮತ್ತು ಲೀಟರುಗಳು ಅಂಗಡಿಗೆ ಇಳಿದ ಮೇಲೂ ತಟ್ಟೆ ಬಾಗಿಸುವುದು ನಿಲ್ಲಲಿಲ್ಲ.

ಞ ಅಕ್ಷರದ ಪ್ರಯಾಣ

ಕೊಸರಿಗೆ ಜಗತ್ತಿನ ಅನೇಕ ಊರುಗಳಲ್ಲಿ ಸ್ಥಳೀಯ ಹೆಸರುಗಳಿವೆ. ಐರ್ಲೆಂಡಿನ ‘ಟಿಲಿ’ ನಮ್ಮ ಕೊಸರು ಹಾಲಿನ ಅವಳಿ. ಅಲ್ಲಿಯೂ ಹಾಲಿನವರು ಅಳತೆಯ ಮೇಲೆ ಸುರಿಯುತ್ತಿದ್ದ ಗುಟುಕಿಗೆ ಆ ಹೆಸರು, ಮೂಲ ಐರಿಷ್ ಮಾತಿಗೆ ‘ಇನ್ನಷ್ಟು’ ಎಂದರ್ಥ. ಇವುಗಳಲ್ಲೆಲ್ಲ ಹೆಚ್ಚು ದೂರ ನಡೆದ ಮಾತು ಅಮೆರಿಕದ ಲೂಯಿಸಿಯಾನಾ ರಾಜ್ಯದ ‘ಲ್ಯಾನ್ಯಾಪ್’.

ಅದರ ಹುಟ್ಟು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ. ಇಂಕಾ ಸಾಮ್ರಾಜ್ಯದ ಭಾಷೆಯಾಗಿದ್ದ ಕೆಚುವಾದಲ್ಲಿ ‘ಯಾಪಾ’ ಎಂದರೆ ಮೇಲೆ ಸೇರಿಸಿದ್ದು. ಸ್ಪೇನಿನವರು ಬಂದ ಮೇಲೆ ಮಾತು ಸ್ಪ್ಯಾನಿಷ್ ಭಾಷೆಗೆ ಹೊಕ್ಕಿತು, ಕೆರಿಬಿಯನ್ ಕಡಲ ಕಡೆಗೆ ಸಾಗುವಾಗ ‘ಞಾಪಾ’ ಆಯಿತು. ಕನ್ನಡ ವರ್ಣಮಾಲೆಯಲ್ಲಿ ಬಿಡಿಯಾಗಿ ಕೆಲಸವಿಲ್ಲದೆ ಕುಳಿತಿರುವ ಞ ಅಕ್ಷರಕ್ಕೆ ಇಲ್ಲಿ ಒಂದು ಕೆಲಸ ಸಿಕ್ಕಿತೆನ್ನಿ. ಸ್ಪ್ಯಾನಿಷ್ ಉಚ್ಚಾರವನ್ನು ಅದು ಸರಿಯಾಗಿ ಹಿಡಿಯುತ್ತದೆ. ಫ್ರೆಂಚರು 1718ರಲ್ಲಿ ಕಟ್ಟಿದ ನ್ಯೂ ಆರ್ಲಿಯನ್ಸ್ ಪಟ್ಟಣ 1762ರ ಒಪ್ಪಂದದಂತೆ ಸ್ಪೇನಿನ ಪಾಲಾಗಿ, 1803ರಲ್ಲಿ ಅಮೆರಿಕಕ್ಕೆ ಮಾರಾಟವಾಯಿತು. ಈ ನಡುವಿನ ದಶಕಗಳಲ್ಲಿ ಸ್ಪ್ಯಾನಿಷ್ ‘ಲಾ ಞಾಪಾ’ ಅಲ್ಲಿನ ಫ್ರೆಂಚ್ ಮಾತಾಡುವವರ ಬಾಯಲ್ಲಿ ಒಂದೇ ಪದವಾಗಿ ಬೆಸೆದುಕೊಂಡು ಲ್ಯಾನ್ಯಾಪ್ ಆಯಿತು. ಹಾಗೆ ಒಂದು ಬೆಟ್ಟದ ಮಾತು ಸ್ಪ್ಯಾನಿಷ್‌ನ ‘ಲಾ’ ಹೊತ್ತು, ಫ್ರೆಂಚ್ ಕಾಗುಣಿತ ತೊಟ್ಟು, ಇಂಗ್ಲಿಷ್ ಮಾತಾಡುವ ಊರಿನಲ್ಲಿ ನೆಲೆಸಿತು.

ಈ ಪದವನ್ನು ಹೊರಗಿನ ಓದುಗರಿಗೆ ಪರಿಚಯಿಸಿದವರಲ್ಲಿ ಮಾರ್ಕ್ ಟ್ವೇನ್ ಪ್ರಮುಖ. ಮಿಸಿಸಿಪಿ ನದಿಯ ಬಗ್ಗೆ 1883ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆತ, ಈ ಒಂದು ಮಾತಿಗಾಗಿಯೇ ನ್ಯೂ ಆರ್ಲಿಯನ್ಸಿಗೆ ಹೋಗಿಬರಬಹುದು ಎಂಬಷ್ಟು ಮೆಚ್ಚಿ ಬರೆದಿದ್ದಾನೆ. ಮಗುವೋ ಮನೆಯಾಳೋ ಅಂಗಡಿಯಲ್ಲಿ ಏನಾದರೂ ಕೊಂಡು, ಕೊನೆಗೆ ‘ಲ್ಯಾನ್ಯಾಪಿಗೆ ಏನಾದರೂ ಕೊಡಿ’ ಎಂದರೆ ಅಂಗಡಿಯಾತ ಮಗುವಿಗೆ ಜೇಷ್ಠಮಧುವಿನ ತುಂಡನ್ನೋ, ಆಳಿಗೆ ಅಗ್ಗದ ಚುಟ್ಟವನ್ನೋ ದಾರದ ಉಂಡೆಯನ್ನೋ ಕೊಡುತ್ತಿದ್ದನಂತೆ. ರಾಜ್ಯಪಾಲರು ಕೇಳಿದರೆ ಏನು ಕೊಡುತ್ತಾನೋ ಗೊತ್ತಿಲ್ಲ, ಬಹುಶಃ ಬೆಂಬಲ ಕೊಡಬಹುದು ಎಂದು ಟ್ವೇನ್ ಚಟಾಕಿ ಹಾರಿಸುತ್ತಾನೆ. ಆತ ಆ ಪದವನ್ನು ಮೊದಲು ಕಂಡದ್ದು ಅಲ್ಲಿನ ಪತ್ರಿಕೆಯ ಬಿಡಿ ಸುದ್ದಿಗಳ ಅಂಕಣದ ತಲೆಬರಹವಾಗಿ. ನಮ್ಮ ‘ಕೊನೆ ಕೊಸರು’ ಹಿಡಿದ ದಾರಿಯೂ ಅದೇ.

ಮೂಲ ಮಾತು ಆಂಡಿಸ್‌ನಲ್ಲಿ ಇನ್ನೂ ಗಟ್ಟಿಯಾಗಿದೆ. ಪೆರುವಿನ ಸಂತೆಗಳಲ್ಲಿ ಕೊಳ್ಳುವವರೂ ಮಾರುವವರೂ ಒಬ್ಬರನ್ನೊಬ್ಬರು ‘ಕಸೇರಾ’ ಎಂದು ಕರೆಯುತ್ತಾರೆ. ವರ್ತನೆಯವರು ಎಂಬ ಮಾತನ್ನು ಎರಡೂ ಕಡೆಯವರಿಗೆ ಬಳಸಿದಂತೆ ಅದು. ಹಣ್ಣಿನ ರಸದ ಅಂಗಡಿಯಲ್ಲಿ ಲೋಟ ಖಾಲಿ ಮಾಡಿ ಅದನ್ನು ಮುಂದೆ ಚಾಚಿದರೆ, ಮಿಕ್ಸಿಯ ಜಾರಿನಲ್ಲಿ ಉಳಿದದ್ದನ್ನು ಅದೇ ಲೋಟಕ್ಕೆ ಸುರಿಯುತ್ತಾರೆ. ಅದು ಅವರ ಯಾಪಾ.

ಯಂತ್ರ, ಯುಪಿಐ, ಆ್ಯಪ್

ಈಗ ತಳ್ಳುಗಾಡಿಯ ಮೇಲೂ ವಿದ್ಯುನ್ಮಾನ ತೂಕದ ಯಂತ್ರ ಕುಳಿತಿದೆ. ಬಾಗಿದ ತಟ್ಟೆಯ ಜಾಗದಲ್ಲಿ ಕೆಂಪು ಅಂಕಿಗಳು ಬಂದಿವೆ. 512 ಗ್ರಾಂ ಎಂದು ತೋರಿದರೆ ಒಂದು ಹುರುಳಿಕಾಯಿಯನ್ನು ತೆಗೆಯುವವರೂ ಇದ್ದಾರೆ, ಹಾಗೇ ಬಿಡುವವರೂ ಇದ್ದಾರೆ. ಆದರೆ ಹೆಚ್ಚಳ ಎಷ್ಟೆಂಬುದು ಈಗ ಇಬ್ಬರಿಗೂ ಕಾಣುತ್ತದೆ. ಅಳತೆಯ ಅನುಮಾನ ಪರಿಹರಿಸುವ ಕೊಸರಿನ ಕೆಲಸವನ್ನು ಯಂತ್ರ ಕಿತ್ತುಕೊಂಡಿತು. ಉಳಿದದ್ದು ಯಂತ್ರದಿಂದ ಇಳಿಸಿದ ಮೇಲೆ ಚೀಲಕ್ಕೆ ಬೀಳುವ ಹಿಡಿ. ಕಾನೂನು ಇದಕ್ಕೆ ಅಡ್ಡಿ ಬರುವುದಿಲ್ಲ: 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಶಿಕ್ಷಿಸುವುದು ಹಣ ಪಡೆದದ್ದಕ್ಕಿಂತ ಕಡಿಮೆ ಕೊಟ್ಟವರನ್ನು, ಹೆಚ್ಚು ಕೊಟ್ಟವರನ್ನಲ್ಲ.

ಹಣ ಕೊಡುವ ಬಗೆ ಬದಲಾದದ್ದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಲೆಕ್ಕ 47 ರೂಪಾಯಿ ಆದಾಗ ಗ್ರಾಹಕರು 50ರ ನೋಟು ಕೊಟ್ಟು, ಉಳಿದ ಮೂರು ರೂಪಾಯಿಗೆ ಕೊತ್ತಂಬರಿ ಹಾಕಿ ಎನ್ನುತ್ತಿದ್ದರು. ಮೂರು ರೂಪಾಯಿಗೆ ಬರುವುದಕ್ಕಿಂತ ದೊಡ್ಡ ಹಿಡಿಯೇ ಬೀಳುತ್ತಿತ್ತು. ಅರ್ಧ ವ್ಯಾಪಾರ, ಅರ್ಧ ಕೊಸರು ಎನ್ನಬಹುದಾದ ಈ ಪದ್ಧತಿ ಚಿಲ್ಲರೆಯ ಅಭಾವವನ್ನೇ ನಂಬಿಕೊಂಡಿತ್ತು. 2016ರಲ್ಲಿ ಬಂದ ಯುಪಿಐ 47 ರೂಪಾಯಿಯನ್ನು 47 ಎಂದೇ ಕಳಿಸುತ್ತದೆ. ಕೊತ್ತಂಬರಿ ಬೇಕಾದವರು ಈಗ ಅದನ್ನು ಬಾಯಿಬಿಟ್ಟು ಕೇಳಬೇಕು.

ಇನ್ನು ಆ್ಯಪ್‌ನ ಉಚಿತ ಕೊತ್ತಂಬರಿ. ಅದಕ್ಕೆ ಷರತ್ತು ಇದೆ, ಪ್ರಮಾಣ ಇದೆ, ಷರತ್ತು ಪೂರೈಸಿದ ಎಲ್ಲರಿಗೂ ಅದು ಒಂದೇ. ತೆರಿಗೆಯ ಲೋಕ ಇಂಥದ್ದನ್ನು ಹೇಗೆ ನೋಡುತ್ತದೆ ಎಂಬುದಕ್ಕೆ ಒಂದು ಅಧಿಕೃತ ವಿವರಣೆಯಿದೆ: ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2019ರ ಮಾರ್ಚ್ 7ರ ಸುತ್ತೋಲೆಯಲ್ಲಿ, ‘ಒಂದು ಕೊಂಡರೆ ಒಂದು ಉಚಿತ’ ಎಂಬಲ್ಲಿ ಎರಡನೆಯದು ಉಚಿತವೇ ಅಲ್ಲ, ಒಂದರ ಬೆಲೆಗೆ ಎರಡನ್ನು ಮಾರಿದಂತೆ ಎಂದು ಹೇಳಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲವಾದ್ದರಿಂದ ಕೊತ್ತಂಬರಿಗೆ ಈ ಸುತ್ತೋಲೆಯ ಚಿಂತೆಯಿಲ್ಲ, ಆದರೆ ಅದರ ತರ್ಕ ಇಲ್ಲಿಗೂ ಒಪ್ಪುತ್ತದೆ. ಮೊದಲೇ ಮಾತು ಕೊಟ್ಟು, ಅಳತೆ ಹೇಳಿ ಕೊಟ್ಟದ್ದು ಬೆಲೆಯ ಒಳಗಿನದು. ತೆಲುಗಿನ ಜೋಡಿಪದದಲ್ಲಿ ಹೇಳುವುದಾದರೆ ಅದು ಅಸಲಿಗೆ ಸೇರಿತು.

ಮುಂಬಯಿಯ ಆ ತಾಯಿ ಕೇಳಿದ್ದು ಸಿಕ್ಕಿತು, ಕಂಪನಿಗೂ ಹೆಸರು ಬಂತು. ಗೋದಾಮಿನಲ್ಲಿ ಚೀಲ ತುಂಬಿಸುವ ಹುಡುಗ, ಪರದೆಯಲ್ಲಿ ತೋರಿದ ತೂಕದ ಕೊತ್ತಂಬರಿ ಪೊಟ್ಟಣವನ್ನು ಆರಿಸಿ ಚೀಲಕ್ಕೆ ಹಾಕುತ್ತಾನೆ. ತನ್ನ ಕೈಯಾರೆ ಇನ್ನೊಂದು ಎಸಳು ಸೇರಿಸುವ ಅಧಿಕಾರ ಅವನಿಗಿಲ್ಲ. ಸೇರಿಸಿದರೆ ದಾಸ್ತಾನಿನ ಲೆಕ್ಕ ತಪ್ಪುತ್ತದೆ.